ಹನ್ನೊಂದು–ಒಂಬತ್ತು

ಅಯ್ಯೋ, ಆ ನೋಟಿಸ್ ಬೋರ್ಡು! ಮಹಾದೇವಿಗೆ ಅದನ್ನು ಕಿತ್ತು ಕಾಲಡಿ ಹಾಕಿ ತುಳಿಯಬೇಕೆನ್ನಿಸಿತು. ಹೆಬ್ಬಗೋಡಿಯ ಆ ಗಾರ್ಮೆಂಟ್ಸ್‌ನಲ್ಲಿ ಅಂದು, ಆಗಸ್ಟ್ ಹನ್ನೊಂದರ ಮಧ್ಯಾಹ್ನ, ಹೆಂಗಸರ ಥ್ರೋಬಾಲ್ ಫೈನಲ್, ಎದುರಾಳಿ ಕಟಿಂಗ್ ವಿಭಾಗ. ಹಿಂದಿನ ದಿನವಷ್ಟೇ ಸೆಮಿಫೈನಲ್‌ನಲ್ಲಿ ಅವಳ ಹೊಲಿಗೆ ತಂಡ ಪ್ಯಾಕಿಂಗಿನವರನ್ನು ಹನ್ನೊಂದು–ಒಂಬತ್ತರಲ್ಲಿ ಸೋಲಿಸಿ, ಕುಣಿದು, ಕಿರುಚಿ, ಗಂಟಲು ಕೆಡಿಸಿಕೊಂಡಿತ್ತು. ಮಗಳ ಆಟವನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕೆಂದು ಅವಳ ತಾಯಿ ಸಿದ್ದಕ್ಕ ಮುದ್ದೇಬಿಹಾಳದಿಂದ ಬಸ್ಸು ಹತ್ತಿ ಬಂದು, ರೊಟ್ಟಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೋರ್ಟಿನ ಪಕ್ಕದಲ್ಲೇ ಕೂತಿದ್ದಳು. ಸಂಜೆಯ ಬಸ್ಸಿಗೇ ವಾಪಸ್ಸು. ಇಂಥ ಹೊತ್ತಿನಲ್ಲಿ ಬೋರ್ಡು ಏನು ಹೇಳುತ್ತಿತ್ತು? ಹೊಲಿಗೆ–ಪ್ಯಾಕಿಂಗ್: ಸೆಪ್ಟೆಂಬರ್ 11!

ಅತ್ತಿಬೆಲೆ ಯೂನಿಟ್ಟಿನಿಂದ ಆಗಷ್ಟೇ ಬಂದಿದ್ದ ಮ್ಯಾನೇಜರ್ ಬಾಲಾಜಿ ನಿನ್ನೆಯ ಆಟ ನೋಡಿದವರಲ್ಲ, ಹಾಳೆ ನೋಡಿದವರು.

"ನಿಮ್ಮ ಸೆಮಿಫೈನಲ್ ಮುಂದಿನ ತಿಂಗಳು ಕಣಮ್ಮ. ಕಟಿಂಗ್‌ನವರದು ಮಾರ್ಚ್ ಹನ್ನೊಂದಕ್ಕೇ ಮುಗಿದಿದೆ. ಗೆಸ್ಟ್ ಬರೋ ಹೊತ್ತಾಯ್ತು, ಕಪ್ಪು ಅವರಿಗೇ ಕೊಟ್ಬಿಡ್ತೀನಿ."

"ಸರ್, ನಿನ್ನೇನ ಗೆದ್ದೀವ್ರಿ!"

"ಹಾಳೇಲಿ ಹಂಗಿಲ್ವಲ್ಲ?"

ಮಹಾದೇವಿ ಪ್ಯಾಕಿಂಗಿನವರ ಕಡೆ ನೋಡಿದಳು. ಅವರೋ, ಬಾಯಲ್ಲಿ ಅವಲಕ್ಕಿ ತುಂಬಿಕೊಂಡವರಂತೆ ಗಪ್‌ಚುಪ್. ಸೋತ ಆಟ ಮತ್ತೆ ಆಡಲು ಸಿಕ್ಕರೆ ಯಾರು ತಾನೇ ಬಿಡುತ್ತಾರೆ! ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಉಕ್ಕಿ ಬಂದವು.

"ಏನಾತವಾ, ಯಾಕ ನಿಂತೀರಿ?" ಸಿದ್ದಕ್ಕ ಕೂತಲ್ಲಿಂದಲೇ ಕೂಗಿದಳು.

"ಸೆಪ್ಟೆಂಬರ್‌ದಾಗ ಆಡ್ಬೇಕಂತ ಬೇ!"

"ಅಲ್ಲೀತನಕ ನಾ ಇಲ್ಲೇ ಕುಂದ್ರಲೇನ? ನಿನ್ನೆ ಫೋನಿನ್ಯಾಗ ಹನ್ನೊಂದು ಒಂಬತ್ತು, ಹನ್ನೊಂದು ಒಂಬತ್ತು ಅಂತ ಕಿವಿ ಹರಿಯೂವಂಗ ಒದರಿದೆಲ್ಲ!"

ಆಫೀಸಿನ ಬಾಗಿಲಲ್ಲಿ ನಿಂತಿದ್ದ ಕಂಪ್ಯೂಟರ್ ಆಪರೇಟರ್ ರಾಣಿ ಬೆಚ್ಚಿಬಿದ್ದಳು. ಫಲಿತಾಂಶ ತುಂಬಿಸಿದವಳು ಅವಳೇ.

"ಅಯ್ಯಯ್ಯೋ, ನಾನು ಟೈಪ್ ಮಾಡಿದ್ದೂ ಅದೇ ಕಣೇ! 11-9! ಮುಂಡೇದು ಕಂಪ್ಯೂಟರು, ಒಂಬತ್ತನೇ ತಿಂಗಳು ಅನ್ಕೊಂಡ್ಬಿಟ್ಟಿದೆ! ಕಟಿಂಗ್‌ನವರು ಗೆದ್ದಿದ್ದು 11-3, ಅದನ್ನ ಮಾರ್ಚ್ ಮಾಡಿಟ್ಟಿದೆ! ಬಾರೇ, ಸಾರ್ ನೀವೂ ಬನ್ನಿ!"

ಮೂವರೂ ಒಳಗೆ ಓಡಿದರು. ರಾಣಿ ಪರದೆಯ ಹಾಳೆಯಲ್ಲಿ ಆ ಅಂಕ ತುಂಬಿದ್ದ ಕೋಶವನ್ನು ತಾರೀಖಿನಿಂದ ಸಂಖ್ಯೆಗೆ ಬದಲಾಯಿಸಿದಳು. ಪರದೆಯ ಮೇಲೆ 40797!

"ನಲವತ್ತು ಸಾವಿರ ಪಾಯಿಂಟಾ?" ಬಾಲಾಜಿ ಕನ್ನಡಕ ಸರಿಮಾಡಿಕೊಂಡರು.

"ಅಲ್ಲ ಸಾರ್, ತಾರೀಖನ್ನ ಅದು 1900ರಿಂದ ಎಣಿಸಿದ ದಿನದ ಲೆಕ್ಕದಲ್ಲಿ ಇಟ್ಕೊಂಡಿರುತ್ತೆ."

ಹೊರಗೆ ಚಪ್ಪಾಳೆ ಕೇಳಿಸಿತು. ಗೆಸ್ಟ್ ಬಂದರು, ಕಪ್ಪು ಮೇಜಿಗೆ ಬಂತು. ರಾಣಿ ಕೋಶವನ್ನು 'ಟೆಕ್ಸ್ಟ್', ಅಂದರೆ ಬರೀ ಬರಹ, ಎಂದು ಬದಲಿಸಿ, ಇದ್ದುದನ್ನು ಅಳಿಸಿ, ಮತ್ತೆ 11-9 ಒತ್ತಿ ಎಂಟರ್ ಹೊಡೆದಳು. 11-9 ಮಿಸುಕಲಿಲ್ಲ!

"ಎಲ್ಲಾ ಹನ್ನೊಂದನೇ ತಾರೀಖೇ ಇದ್ದಾಗ್ಲೇ ನನಗೆ ಹೊಳೀಬೇಕಿತ್ತು," ಎಂದು ಬಾಲಾಜಿ ನಕ್ಕೇಬಿಟ್ಟರು. "ಓಡಮ್ಮ, ಓಡು!"

ಆಮೇಲಿನ ಆಟವನ್ನು ಏನೆಂದು ಹೇಳುವುದು! ಎಂಟು–ಎಂಟು ಆದಾಗ ಸಿದ್ದಕ್ಕ ಎದ್ದೇ ನಿಂತಳು, ರೊಟ್ಟಿಯ ಗಂಟು ಮಣ್ಣುಪಾಲಾಯಿತು. "ಒಗಿ ಮಾದೇವೀ, ಒಗಿ!" ಮಹಾದೇವಿ ಒಗೆದಳು. ಚೆಂಡು ನೆಟ್ಟಿನಾಚೆ ಖಾಲಿ ಮೂಲೆಗೇ ಬಿತ್ತು. ಮತ್ತೊಮ್ಮೆ, ಮಗದೊಮ್ಮೆ. ಹೊಲಿಗೆ ತಂಡ ಗೆದ್ದಿತು!

ಬೆವರು ಇಳಿಯುತ್ತಿದ್ದ ಮುಖದಲ್ಲೇ ಮಹಾದೇವಿ ಒಂದು ಕೈಯಲ್ಲಿ ಕಪ್ಪು, ಇನ್ನೊಂದು ಕೈಯಲ್ಲಿ ಅವ್ವನನ್ನು ಹಿಡಿದು ಆಫೀಸಿಗೆ ನುಗ್ಗಿದಳು. ರಾಣಿ ಖುಷಿಯಲ್ಲಿ ಹೊಸ ಸಾಲಿಗೆ ಟೆಕ್ಸ್ಟ್ ಮಾಡುವುದನ್ನೇ ಮರೆತು 11-8 ಹೊಡೆದಿದ್ದಳು. ಪರದೆಯ ಮೇಲೆ ಆಗಸ್ಟ್ 11.

"ಥೂ, ಮತ್ತೆ ಅದೇ ಬುದ್ಧಿ!" ರಾಣಿ ಮೌಸಿಗೆ ಕೈ ಹಾಕಿದಳು.

ಮಹಾದೇವಿ ಗೋಡೆಯ ಕ್ಯಾಲೆಂಡರ್ ನೋಡಿ ಅವಳ ಕೈ ಹಿಡಿದುಕೊಂಡಳು. "ಇರಲಿ ಬಿಡ ರಾಣಿ."

ಓದು ಬಾರದ ಸಿದ್ದಕ್ಕ ಪರದೆಯತ್ತ ಬಾಗಿದಳು. "ಏನ್ ಬರದೈತಿ ಅದರಾಗ?"

"ನೀ ಬಂದ ದಿನ ಬರದೈತಿ ಬೇ."