ಜೆನೋನ್ ಹಾಕಿದ ಎಣ್ಣೆ

ಶನಿವಾರ ಜೆನೋನನ ಹಳೆಯ ಗೆಳತಿ ಬೊಗ್ನಾಳ ಹೆಸರಿನ ಹಬ್ಬ; ನಮ್ಮ ಪೋಲೆಂಡಿನಲ್ಲಿ ಪ್ರತಿ ಹೆಸರಿಗೂ ಪಂಚಾಂಗದಲ್ಲಿ ಒಂದು ದಿನವಿದೆ. ಕ್ರೋಸ್ನೊದ ನಮ್ಮ ಹಾರಾಟದ ಕ್ಲಬ್ಬಿನಿಂದ ಉತ್ತರದ ಬಾಲ್ಟಿಕ್ ಕಡಲ ದಂಡೆಯ ಅವಳ ಊರಿಗೆ ತನ್ನ ವಿಮಾನದಲ್ಲೇ ಹೋಗಿ ಇಳಿಯಬೇಕೆಂದು ಜೆನೋನ್ ಒಂದು ತಿಂಗಳಿಂದ ಕುಣಿಯುತ್ತಿದ್ದ. ಗಂಡ ತೀರಿಕೊಂಡ ಮೇಲೆ ಅವಳು ಬರೆದ ಮೊದಲ ಕಾಗದದಲ್ಲಿ ‘ಒಮ್ಮೆ ಬಾ’ ಎಂದಿತ್ತು. ಅರವತ್ತಾರರ ಗಂಡಸು, ಹೊಸ ಅಂಗಿ ಹೊಲಿಸಿಕೊಂಡಿದ್ದ!

ನಾನು ತೋಷಾ, ಆ ವಿಮಾನದ ಮೆಕ್ಯಾನಿಕ್. ಮೂವತ್ತೊಂದು ವರ್ಷಗಳಿಂದ ಅವನ ಇಂಜಿನ್ ನೋಡಿಕೊಳ್ಳುತ್ತಿದ್ದೇನೆ. ಅವನನ್ನೂ ಅಷ್ಟೇ ಕಾಲದಿಂದ ಬಯಸುತ್ತಿದ್ದೇನೆ. ಹೇಳಲು ಬಾಯಿ ಬರಲಿಲ್ಲ, ಅಷ್ಟೆ.

ಶುಕ್ರವಾರ ಬೆಳಿಗ್ಗೆ ಪರೀಕ್ಷೆಗೆಂದು ಇಂಜಿನ್ ಓಡಿಸಿದೆ. ಪ್ರೊಪೆಲ್ಲರ್ ಯಾಕೋ ಮಾತು ಕೇಳಲಿಲ್ಲ; ಅದರ ಅಲಗುಗಳ ಓರೆ ಬದಲಿಸುವುದು ಇಂಜಿನ್ನಿನ ಎಣ್ಣೆಯೇ. ಎಣ್ಣೆಯ ಫಿಲ್ಟರ್ ಕತ್ತರಿಸಿ ನೋಡಿದರೆ ಒಳಗೆಲ್ಲ ಬೂದು ಬಣ್ಣದ ಲೇಹ್ಯ.

“ಜೆನೋನ್, ನಾಳೆ ಈ ವಿಮಾನ ಏಳಲ್ಲ.”

“ತಮಾಷೆ ಮಾಡ್ಬೇಡ ಕಣೇ.”

“ನಾನು ಕಾಲು ಮುರ್ಕೊಂಡು ಚಳಿಗಾಲ ಪೂರ್ತಿ ಮಲಗಿದ್ನಲ್ಲ, ಆಗ ಎಣ್ಣೆ ನೀನೇ ಬದಲಾಯಿಸ್ದೆ. ಯಾವ್ದು ಹಾಕ್ದೆ?”

ಅವನು ಕಿವಿ ಕೆರೆದುಕೊಂಡ. “ಪೂರ್ತಿ ಸಿಂಥೆಟಿಕ್. ನನ್ನ ಕಾರಿಗೆ ಹಾಕೋದೇ. ಒಳ್ಳೇ ಮಾಲು!”

“ನಿನ್ನ ಕಾರು ಸೀಸ ಕುಡಿಯತ್ತೇನೋ? ವಿಮಾನದ ಪೆಟ್ರೋಲಲ್ಲಿ ಸೀಸ ಇದೆ. ಉರಿದು ಉಳಿದಿದ್ದು ಎಣ್ಣೆಗೇ ಇಳಿಯತ್ತೆ. ನಮ್ಮ ಖನಿಜ ಎಣ್ಣೆ ಅದನ್ನ ಹೊತ್ಕೊಂಡೇ ಓಡಾಡತ್ತೆ, ಬದಲಾಯಿಸುವಾಗ ಜೊತೇಲೇ ಹೊರಗೆ ಬರತ್ತೆ. ನಿನ್ನ ದೊರೆ ಎಣ್ಣೆಗೆ ಅದನ್ನ ಹೊರೋಕಾಗಲ್ಲ, ಕಂಡ ಕಂಡ ಮೂಲೇಲಿ ಬಿಟ್ಟು ಹೋಗತ್ತೆ. ಪಿಸ್ಟನ್ ರಿಂಗುಗಳು ಕಚ್ಕೊಂಡಿರ್ತವೆ. ಇಂಜಿನ್ ಪೂರ್ತಿ ಬಿಚ್ಬೇಕು.”

ಅವನು ನನ್ನನ್ನೇ ದುರುಗುಟ್ಟಿ ನೋಡಿದ. “ನಾನು ಅಲ್ಲಿಗೆ ಹೋಗೋದು ನಿಂಗಿಷ್ಟ ಇಲ್ಲ, ಅಲ್ವಾ?”

 ಫಿಲ್ಟರಿನ ಆ ಜಿಡ್ಡನ್ನು ಅವನ ಅಂಗೈಗೆ ಬಳಿದೆ. ಹೆಬ್ಬೆರಳಿನಿಂದ ತಿಕ್ಕಿ ನೋಡಿ, ಚಕ್ರದ ಪಕ್ಕದಲ್ಲೇ ಕುಸಿದು ಕೂತ.

“ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಹಾಕ್ದೆ?”

“ಚಳಿಗಾಲದಲ್ಲಿ ದಿನಾ ಸಂಜೆ ಎಣ್ಣೆ ಇಳಿಸಿ ಮನೆಗೆ ಒಯ್ತೀಯ. ಬೆಳಿಗ್ಗೆ ಒಲೆ ಮೇಲೆ ಬಿಸಿ ಮಾಡಿ, ಆ ಡಬ್ಬ ಹಿಡ್ಕೊಂಡು ಮಂಜುಗಡ್ಡೆ ತುಳ್ಕೊಂಡು ಬರ್ತೀಯ. ಕಾಲು ಮುರಿದಿದ್ದೂ ಹಾಗೇ ತಾನೆ? ಸಿಂಥೆಟಿಕ್ ಚಳೀಲಿ ಗಟ್ಟಿಯಾಗಲ್ಲ ಅಂದ್ರು. ನಿಂಗೆ ಆ ಕಷ್ಟ ತಪ್ಪಲಿ ಅಂತ...”

ಕಷ್ಟವಂತೆ! ಆ ಬೆಳಗುಗಳಲ್ಲಿ ಅವನು ಹ್ಯಾಂಗರಿನ ಬಾಗಿಲಲ್ಲಿ ನಿಂತು ನನ್ನ ದಾರಿ ಕಾಯುತ್ತಿದ್ದ. ವರ್ಷವಿಡೀ ನಾನು ಹಂಬಲಿಸುತ್ತಿದ್ದುದು ಆ ಹಾಳು ಚಳಿಗಾಲಕ್ಕೇ.  ಇದನ್ನು ಹೇಳಿದ್ದರೆ ಉಳಿಯುತ್ತಿದ್ದನೇನೋ. ಆದರೆ ಅವನ ಕಣ್ಣು ಬಾಗಿಲಾಚೆ, ಉತ್ತರದ ಆಕಾಶದ ಮೇಲಿತ್ತು.

“ಮಧ್ಯಾಹ್ನ ರೈಲಿದೆ,” ಎಂದೆ. “ನಾಳೆ ಬೆಳಿಗ್ಗೆ ಕಡಲ ಹತ್ರ ಇರ್ತೀಯ. ಏಳು, ಕೈ ತೊಳ್ಕೋ.”

“ಮತ್ತೆ ಇಂಜಿನ್?”

“ಅದನ್ನ ನಾನು ಸರಿ ಮಾಡ್ತೀನಿ. ನನ್ನ ಕೈಲಾಗೋದು ಅಷ್ಟೇ.”

ಸ್ಟೇಷನ್ನಿಗೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಟಿಕೆಟ್ ಕೊಡುವ ಹೆಂಗಸು ಕಿಟಕಿಯೊಳಗಿಂದ ಕೇಳಿದಳು: “ಹೋಗಿ ಬರೋದಕ್ಕಾ?”

ಜೆನೋನ್ ಒಂದು ಕ್ಷಣ ನನ್ನ ಕಡೆ ನೋಡಿದ.

“ಇಲ್ಲ, ಹೋಗೋದಕ್ಕೆ ಮಾತ್ರ,” ಎಂದ.

ಕಾರಿನ ಕೀಲಿ ನನ್ನ ಕೈಯಲ್ಲೇ ಇತ್ತು. ಆದರೂ ತಲೆ ತಗ್ಗಿಸಿ ಅದನ್ನೇ ಚೀಲದೊಳಗೆ ಹುಡುಕತೊಡಗಿದೆ.