ಏಳು ಬಾಯಿಯ ಚಿನ್ನ

ಅಂಗಡಿಯವನು ಉಂಗುರದ ಸರ್ಟಿಫಿಕೇಟ್ ಹಾಳೆಯನ್ನು ಗಾಜಿನ ಮೇಜಿನ ಮೇಲೆ ಎರಡೂ ಕೈಯಿಂದ ಹರಡಿದ. ಉಂಗುರದ ಚಿನ್ನ ಮರುಬಳಕೆಯದು, ಹರಳು ಬಂದದ್ದು ಮಕ್ಕಳನ್ನು ದುಡಿಸದ ಗಣಿಯಿಂದ, ಅಗೆದ ಜಾಗದಲ್ಲಿ ಮತ್ತೆ ಗಿಡ ನೆಟ್ಟಿದ್ದಾರೆ ಎಂದು ಅದರಲ್ಲಿ ಹಸಿರು ಅಕ್ಷರಗಳಲ್ಲಿ ಅಚ್ಚಾಗಿತ್ತು. ಕೆಳಗೆ ಒಂದು ಮೊಹರು, ಒಂದು ಸಹಿ, ಒಂದು ನಂಬರ್.

ಅವಳು ಉಂಗುರದ ಕಡೆ ತಿರುಗಿಯೂ ನೋಡದೆ ಹಾಳೆಯನ್ನು ಎರಡು ಸಲ ಓದಿದಳು.

“ಪಕ್ಕದ ಉಂಗುರದ ಸರ್ಟಿಫಿಕೇಟ್ ತೋರಿಸ್ತೀರಾ?”

ಅವನು ತೋರಿಸಿದ.

“ಎರಡಕ್ಕೂ ಒಂದೇ ನಂಬರ್ ಇದೆಯಲ್ಲ?”

“ಒಂದೇ ಗಣಿಯ ಹರಳು ಮೇಡಂ, ಅದಕ್ಕೆ.”

“ಇದರಲ್ಲಿ ಹರಳೇ ಇಲ್ವಲ್ಲ.”

ಅಂಗಡಿಯವನು ಎರಡನೇ ಉಂಗುರವನ್ನು ತಿರುಗಿಸಿ ಮುರುಗಿಸಿ ನೋಡಿ, ಹರಳು ಈಗಷ್ಟೇ ಎದ್ದು ಹೋಯಿತೇನೋ ಎಂಬಂತೆ ಮೇಜಿನ ಮೇಲೂ ಒಮ್ಮೆ ಕಣ್ಣಾಡಿಸಿದ. ಅವಳ ಜೊತೆ ಬಂದಿದ್ದವನು ನಗು ತಡೆಯಲಾಗದೆ ಬಾಗಿಲ ಕಡೆ ನಡೆದ.

ಅದು ನಿಶ್ಚಿತಾರ್ಥದ ಉಂಗುರಕ್ಕಾಗಿ ಅವರು ಹತ್ತಿ ಇಳಿದ ಆರನೇ ಅಂಗಡಿ.

ಅವಳು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್. ಹದಿಮೂರು ವರ್ಷಗಳಿಂದ ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ ಮುದ್ರೆ ಹಾಕುವುದು ಅವಳ ಕೆಲಸ. ತಟ್ಟೆಯ ಅಡಿಗೆ ಅಂಟಿಸಿದ ಆಯಸ್ಕಾಂತ, ಒಳಗಿಂದ ಕೊರೆದ ತೂಕದ ಬಟ್ಟು, ಬೆರಳಂಚಲ್ಲಿ ಒತ್ತಿದರೆ ಅಂಕಿ ಬದಲಾಗುವ ಯಂತ್ರ, ಅವಳು ಕಾಣದ ಮೋಸವಿಲ್ಲ. ಮನೆಯಲ್ಲಿ ಅಕ್ಕ ಅವಳನ್ನು ಕರೆಯುತ್ತಿದ್ದುದೇ ‘ತಕ್ಕಡಿ’ ಎಂದು. ಉಂಗುರದ ವಿಷಯದಲ್ಲಿ ಅವಳ ಹಟಕ್ಕೆ ಕಾರಣ ಬೇರೆ ಇತ್ತು. ಅವಳ ಅಪ್ಪ ಚಿನ್ನದ ಗಣಿಯ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುತ್ತಿದ್ದವರು. ಹದಿನೆಂಟು ವರ್ಷ ಕೆಲಸಗಾರರ ಎದೆಯೊಳಗೆ ಗಣಿಯ ದೂಳು ಮಾಡಿದ ಬಿಳಿ ಚುಕ್ಕೆಗಳನ್ನು ನೋಡಿ ನೋಡಿ, ಮನೆಗೆ ಹೊಸ ಚಿನ್ನ ಬರಕೂಡದು ಎಂದು ನಿಯಮ ಮಾಡಿದ್ದರು. ಅಕ್ಕನ ಮದುವೆಯಲ್ಲಿ ಅದು ಸಡಿಲವಾಯಿತು. ಅಪ್ಪ ತೀರಿಕೊಂಡ ಮೇಲೆ ತನ್ನ ಪಾಲಿಗೆ ಅದನ್ನು ಬಿಗಿ ಮಾಡಿಕೊಂಡವಳು ಇವಳೊಬ್ಬಳೇ.

ಅವನು ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ. ದಂತವೈದ್ಯರು ಕಳಿಸುವ ಅಚ್ಚು ನೋಡಿ ಹಲ್ಲಿಗೆ ಹಾಕುವ ಕ್ಯಾಪ್‌ಗಳನ್ನು ತಯಾರಿಸುವುದು, ಬೆಳಗಿಂದ ಸಂಜೆಯವರೆಗೆ ಅದೇ. ಎರಡು ವರ್ಷದ ಹಿಂದೆ ಅವಳು ಆ ಲ್ಯಾಬಿನ ತಕ್ಕಡಿ ಪರೀಕ್ಷಿಸಲು ಹೋದಾಗಲೇ ಅವರ ಪರಿಚಯವಾದದ್ದು. ಇವಳು ಸರಿಯಿದೆ ಎಂದು ಮುದ್ರೆ ಎತ್ತಿಕೊಂಡಾಗ, “ಇನ್ನೊಂದ್ಸಲ ನೋಡಿಬಿಡಿ ಮೇಡಂ, ನನಗ್ಯಾಕೋ ಅನುಮಾನ” ಎಂದಿದ್ದ. ಅಂಥ ಮಾತನ್ನು ಅವಳಿಗೆ ಹೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಎರಡನೇ ಸಲ ನೋಡಿದಾಗ ಕೂದಲೆಳೆಯಷ್ಟು ವ್ಯತ್ಯಾಸ ಸಿಕ್ಕಿತ್ತು.

ಆರನೇ ಅಂಗಡಿಯಿಂದ ಹೊರಬಂದ ಮೇಲೆ ಅವನು ಹೇಳಿದ, “ಸಾಕು ಮಾರಾಯ್ತಿ. ಉಂಗುರ ನಾನೇ ಮಾಡ್ತೀನಿ. ಹೊಸದಾಗಿ ಅಗೆದ ಚಿನ್ನ ಬೇಡ, ಹರಳು ಬೇಡ. ಅಷ್ಟೇ ತಾನೆ?”

“ಅಷ್ಟೇ.”

ಮೂರು ವಾರಕ್ಕೆ ಉಂಗುರ ಬಂತು. ನುಣುಪಾದ, ಅಗಲವಾದ, ಸ್ವಲ್ಪ ಬಿಳಿಚಿದ ಹಳದಿ ಬಣ್ಣದ ಉಂಗುರ. ಬೆರಳಿಗೆ ಸರಿಯಾಗಿ ಕೂತಿತು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಐದು ನಿಮಿಷ ಏನನ್ನೂ ಕೇಳಲಿಲ್ಲ.

ಆಮೇಲೆ ಕೇಳಿದಳು. “ಚಿನ್ನ ಎಲ್ಲಿಂದ ತಂದೆ?”

“ಹಳೇದು.”

“ಯಾರ ಹಳೇದು?”

“ಹಳೇದು ಅಂದ್ರೆ ಹಳೇದು. ಎಲ್ಲದಕ್ಕೂ ಮೂಲ ಹುಡುಕ್ತಾ ಕೂತ್ರೆ ಆಗುತ್ತಾ?”

ಆರು ಅಂಗಡಿಗಳಲ್ಲಿ ಅವರಿಬ್ಬರೂ ಹುಡುಕಿದ್ದು ಅದನ್ನೇ. ಅವಳು ಅವನ ಮುಖ ನೋಡಿದಳು. ಅವನು ಫ್ಯಾನಿನ ಸ್ವಿಚ್ಚು ನೋಡುತ್ತಿದ್ದ. ಎಡಗೈ ಮಂಡಿಯ ಮೇಲೆ ಮೆಲ್ಲಗೆ ಬಡಿಯುತ್ತಿತ್ತು. ಆ ಬಡಿತ ಅವಳಿಗೆ ಚೆನ್ನಾಗಿ ಗೊತ್ತು. ಇವಳು ತಕ್ಕಡಿಯನ್ನು ಬೋರಲು ಹಾಕುವ ಮುಂಚೆ ಅಂಗಡಿಯವರ ಕೈ ಹೀಗೇ ಬಡಿದುಕೊಳ್ಳುತ್ತದೆ.

ಅವತ್ತಿನಿಂದ ತಲೆಯೊಳಗೆ ಹುಳ ಹೊಕ್ಕಿತು. ಬಸ್ಸಿನಲ್ಲಿ ಕೂತಾಗ ಉಂಗುರವನ್ನು ಬೆಳಕಿಗೆ ಹಿಡಿಯುತ್ತಿದ್ದಳು. ಒಡವೆಯ ಚಿನ್ನಕ್ಕಿಂತ ಇದು ಗಟ್ಟಿ. ಕಬ್ಬಿಣದ ಬಾಗಿಲಿಗೆ ತಾಗಿದರೂ ಗೀರು ಬೀಳಲಿಲ್ಲ. ಇದನ್ನು ಬೇರೆ ಯಾರಿಗಾದರೂ ಮಾಡಿಸಿದ್ದನೇ? ಹಿಂದೆ ನಿಂತುಹೋದ ನಿಶ್ಚಿತಾರ್ಥ ಯಾವುದಾದರೂ ಇತ್ತೇ? ಅಕ್ಕನ ಮುಂದೆ ಹೇಳಿಕೊಂಡಳು.

“ಒಳ್ಳೆ ಹುಡುಗ ಕಣೇ. ಅವನನ್ನೂ ತಟ್ಟೆಗೆ ಹಾಕಿ ತೂಗ್ಬೇಡ,” ಎಂದಳು ಅಕ್ಕ.

“ಅವನನ್ನಲ್ಲ ಅಕ್ಕಾ, ಉಂಗುರವನ್ನ.”

“ನಿನಗೆ ಎರಡೂ ಒಂದೇ.”

ಹಾಲ್‌ಮಾರ್ಕ್ ಪರೀಕ್ಷಾ ಕೇಂದ್ರದಲ್ಲಿ ಅವಳ ಗೆಳತಿಯೊಬ್ಬಳಿದ್ದಳು. ಮಧ್ಯಾಹ್ನ ಅಲ್ಲಿಗೆ ಹೋಗಿ, ಯಾರೋ ಪರೀಕ್ಷೆಗೆ ಕೊಟ್ಟದ್ದು ಎಂದು ಸುಳ್ಳು ಹೇಳಿ ಉಂಗುರವನ್ನು ಕೈಗಿಟ್ಟಳು. ಗೆಳತಿ ಅದನ್ನು ಯಂತ್ರದೊಳಗಿಟ್ಟು ಮುಚ್ಚಳ ಹಾಕಿದಳು. ಪರದೆಯ ಮೇಲೆ ಅಂಕಿಗಳು ಮೂಡಿದವು. ಗೆಳತಿಯ ಹುಬ್ಬು ಮೇಲೇರಿತು.

“ಪಲ್ಲಾಡಿಯಂ ಇದೆ. ಚೂರು ಪ್ಲಾಟಿನಂ ಕೂಡ. ಇದು ಒಡವೆ ಚಿನ್ನ ಅಲ್ಲ ಕಣೆ. ಎಲ್ಲಿ ಸಿಕ್ತು ನಿನಗೆ?”

“ಯಾಕೆ, ಏನು ಚಿನ್ನ ಇದು?”

“ಬಾಯಿಗೆ ಹಾಕೋ ಚಿನ್ನ. ಹಲ್ಲಿನ ಕ್ಯಾಪ್ ಮಾಡ್ತಾರಲ್ಲ, ಅದು.”

ಅವಳು ಉಂಗುರವನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಹೊರಗೆ ಬಂದು ನಲ್ಲಿಯ ಕೆಳಗೆ ಕೈ ತೊಳೆದಳು, ಆಮೇಲೆ ಮತ್ತೊಮ್ಮೆ ತೊಳೆದಳು. ಯಾರ ಬಾಯಿ? ಬದುಕಿದವರದೋ, ಸತ್ತವರದೋ? ಲ್ಯಾಬಿನಿಂದ ಕದ್ದನೇ? ಒಂದು ವೇಳೆ ಕದ್ದಿದ್ದರೆ, ತಾನು ಒಂದು ವಾರದಿಂದ ಕದ್ದ ಮಾಲು ತೊಟ್ಟುಕೊಂಡೇ ಊರವರ ತಕ್ಕಡಿಗೆ ಮುದ್ರೆ ಹಾಕಿದ ಹಾಗಾಯಿತು.

ಮರುದಿನ ಅವನು ಕ್ಲಿನಿಕ್‌ಗಳಿಗೆ ಕ್ಯಾಪ್ ತಲುಪಿಸಲು ಹೋಗುವ ಹೊತ್ತು ನೋಡಿಕೊಂಡು ಲ್ಯಾಬಿಗೆ ಹೋದಳು. ಪ್ಲಾಸ್ಟರ್ ಪುಡಿಯಿಂದ ಬೆಳ್ಳಗಾದ ಉದ್ದದ ಕೋಣೆ, ಸಾಲು ಮೇಜು, ಪ್ರತಿ ಮೇಜಿನ ಮೇಲೂ ಬಾಯಿ ತೆರೆದ ದವಡೆಗಳು. ಯಜಮಾನ ಅವಳ ಇಲಾಖೆಯ ಗುರುತಿನ ಚೀಟಿ ನೋಡಿ ಎದ್ದು ನಿಂತ.

“ತಕ್ಕಡಿಗೆ ಈ ವರ್ಷದ ಮುದ್ರೆ ಹೋದ ತಿಂಗಳೇ ಆಯ್ತಲ್ಲ ಮೇಡಂ?”

“ತಕ್ಕಡಿಗೆ ಬಂದಿಲ್ಲ. ಒಂದು ವಿಷಯ ತಿಳ್ಕೊಳ್ಳೋಕೆ ಬಂದೆ. ಹಳೇ ಚಿನ್ನದ ಕ್ಯಾಪ್ ಡಾಕ್ಟರ್ ತೆಗೆದಾಗ ಅದೇನಾಗುತ್ತೆ?”

“ಅಳತೆಗೆ ಅಂತ ನಮಗೆ ಕಳಿಸ್ತಾರೆ. ನಾವು ಬಿಳಿ ಕ್ಯಾಪ್ ಮಾಡಿ ಕೊಡ್ತೀವಿ.”

“ಹಳೇದು?”

“ಅಯ್ಯೋ, ಅದೆಲ್ಲ ಕಸ ಮೇಡಂ. ಬಿಸಾಡ್ತೀವಿ.”

“ಚಿನ್ನನಾ?”

ಅವನು ನಕ್ಕ. ನಗುವಾಗ ಕಣ್ಣು ಮೂಲೆಯ ಸ್ಟೀಲ್ ಬೀರುವಿನ ಕಡೆ ಹೋಗಿ ಬಂತು. “ಚೂರುಪಾರು ಕೆಲಸದವರೇ ಇಟ್ಕೊಳ್ತಾರೆ. ನಾನೇನೂ ಕೇಳಲ್ಲ. ಪೇಷಂಟೂ ಕೇಳಲ್ಲ. ಕೇಳದೇ ಇದ್ದದ್ದನ್ನ ಕೆದಕೋದ್ಯಾಕೆ?”

ಬೀಗ ಹಾಕಿದ್ದ ಆ ಬೀರುವಿನಲ್ಲಿ ಏನಿದೆಯೆಂದು ಅವಳಿಗೆ ಹೊಳೆಯದೆ ಇರಲಿಲ್ಲ. ಆದರೆ ಅವಳ ಅಧಿಕಾರ ತಕ್ಕಡಿಗೇ ಮುಗಿಯುತ್ತಿತ್ತು.

ಸಂಜೆ ಅವನ ಬಾಡಿಗೆ ಕೋಣೆಗೆ ಹೋಗಿ ಕರವಸ್ತ್ರ ಬಿಚ್ಚಿ ಉಂಗುರವನ್ನು ಮೇಜಿನ ಮೇಲಿಟ್ಟಳು.

“ಯಾರ ಹಲ್ಲು?”

ಅವನು ಸ್ವಲ್ಪ ಹೊತ್ತು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೇನೋ ಹೇಳಿದ. ಲ್ಯಾಬಿನಲ್ಲಿ ಎಲ್ಲರೂ ಮಾಡುವುದೇ ಇದು, ಇಡೀ ಕ್ಯಾಪ್‌ಗಳೆಲ್ಲ ಯಜಮಾನನ ಬೀರುವಿಗೆ ಹೋಗುತ್ತವೆ, ಒಡೆದವು ಮಾತ್ರ ಕೆಲಸದವರಿಗೆ ಉಳಿಯುತ್ತವೆ. ಕೊನೆಗೆ ಅವನು ಮಂಚದ ಕೆಳಗಿನ ಪೆಟ್ಟಿಗೆಯಿಂದ ಒಂದು ತಗಡಿನ ಡಬ್ಬಿ ತೆಗೆದ. ಒಳಗೆ ಏಳು ಚೀಟಿಗಳಿದ್ದವು. ಕ್ಲಿನಿಕ್‌ನಿಂದ ಬಂದ ಚೀಟಿಗಳು. ಒಂದೊಂದರ ಮೇಲೂ ಒಬ್ಬ ರೋಗಿಯ ಹೆಸರು, ಅದರ ಕೆಳಗೆ ಅವನದೇ ಸಣ್ಣ ಅಕ್ಷರದಲ್ಲಿ ಬರೆದ ತೂಕ.

“ಒಂಬತ್ತು ವರ್ಷದಲ್ಲಿ ಏಳು. ಕರಗಿಸೋವರೆಗೂ ಆಯಾ ಚೀಟಿಯಲ್ಲೇ ಸುತ್ತಿಟ್ಟಿದ್ದೆ. ಒಂದನ್ನೂ ಮಾರ್ಲಿಲ್ಲ.”

“ಚೀಟಿ ಯಾಕೆ ಇಟ್ಕೊಂಡೆ?”

“ಗೊತ್ತಿಲ್ಲ. ಬಿಸಾಡೋಕೆ ಮನಸ್ಸು ಬರ್ಲಿಲ್ಲ.”

“ಅಂದ್ರೆ ನಿನ್ನದಲ್ಲ ಅಂತ ಗೊತ್ತಿತ್ತು.”

ಅವನು ತಲೆ ತಗ್ಗಿಸಿದ. “ನೀನು ಅಗೆದದ್ದು ಬೇಡ ಅಂದೆ. ಇದನ್ನ ಯಾರೂ ಅಗೀಲಿಲ್ಲ. ಯಾರಿಗೂ ನೋವಾಗಿಲ್ಲ. ನಿನಗೆ ಇದಕ್ಕಿಂತ ಒಳ್ಳೇದು ಎಲ್ಲಿ ಸಿಗುತ್ತೆ ಅಂದ್ಕೊಂಡೆ.”

“ಅವರನ್ನ ಕೇಳಿದ್ದೆಯಾ?”

“ಇಲ್ಲ.”

ಅವಳು ಚೀಲದಿಂದ ತನ್ನ ಪುಟ್ಟ ತಕ್ಕಡಿ ತೆಗೆದಳು. ಹಾಗೆ ಮಾಡುವಾಗ ಅವಳಿಗೇ ನಾಚಿಕೆಯಾಯಿತು, ಆದರೂ ತೆಗೆದಳು. ಏಳು ಚೀಟಿಗಳ ತೂಕ ಕೂಡಿಸಿ ಉಂಗುರವನ್ನು ತೂಗಿದಳು. ಅರ್ಧ ಗ್ರಾಮಿನಷ್ಟು ಕಡಿಮೆ ಬಂತು. ಅವಳು ತಲೆಯೆತ್ತಿ ಅವನನ್ನು ನೋಡಿದಳು. ಅವನ ಮುಖ ಕೆಂಪಾಯಿತು. ಎದ್ದು, ಉಜ್ಜುವಾಗ ಉದುರಿದ ಪುಡಿ ಹಿಡಿದಿಟ್ಟಿದ್ದ ಕಾಗದದ ಪೊಟ್ಟಣ ತಂದು ತಟ್ಟೆಯಲ್ಲಿ ಸುರಿದ. ಅಂಕಿ ಏರಿ, ಚೀಟಿಗಳ ಮೊತ್ತಕ್ಕೆ ಎಳ್ಳುಕಾಳಷ್ಟು ಕಡಿಮೆಯಲ್ಲಿ ನಿಂತಿತು.

“ಇನ್ನೂ ಅನುಮಾನನಾ?” ಎಂದ.

“ಇತ್ತು. ಈ ವಿಷಯದಲ್ಲಿ ಹೋಯ್ತು. ಇನ್ನು ಅವರವರದ್ದು ಅವರವರಿಗೆ ಕೊಡೋಣ.”

ಏಳರಲ್ಲಿ ಆರು ಚೀಟಿಗಳು ಒಂದೇ ಕ್ಲಿನಿಕ್‌ನವು. ಅಲ್ಲಿನ ದಂತವೈದ್ಯೆಗೆ ಅರವತ್ತು ದಾಟಿತ್ತು. ಇಬ್ಬರೂ ಹೋಗಿ ವಿಷಯ ಹೇಳಿದಾಗ ಆಕೆ ಮೊದಲು ಇವರನ್ನೇ ಸಂಶಯದಿಂದ ನೋಡಿದರು. ಏನೋ ವಸೂಲಿಗೆ ಬಂದಿದ್ದಾರೆಂದು ಅನಿಸಿರಬೇಕು. ಚೀಟಿಗಳ ಮೇಲೆ ತಮ್ಮದೇ ಕೈಬರಹ ಕಂಡ ಮೇಲೆ ಕುರ್ಚಿಯಲ್ಲಿ ಕುಸಿದರು.

“ಮೂವತ್ತು ವರ್ಷ ಕಳಿಸಿದ್ದೀನಪ್ಪ. ವಾಪಸ್ ಬಂತಾ ಅಂತ ಒಂದ್ಸಲನೂ ಕೇಳ್ಲಿಲ್ಲ ನಾನು.”

ರೋಗಿಗಳಿಗೆ ತಾವೇ ಫೋನ್ ಮಾಡುತ್ತೇನೆಂದರು.

ಅವನು ಉಂಗುರವನ್ನು ತುಂಡರಿಸಿದ. ತನ್ನದೇ ಗರಗಸ, ತನ್ನದೇ ಕೆಲಸ. ಬ್ಲೇಡು ಇಳಿಯುವಾಗ ಅವಳು ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ಬೆರಳಿಗೆ ಅಷ್ಟು ಸರಿಯಾಗಿ ಕೂತಿದ್ದ ಉಂಗುರ ಅದು. ಚೀಟಿಯ ಲೆಕ್ಕಕ್ಕೆ ಸರಿಯಾಗಿ ಅವಳು ತೂಗಿ ಕೊಟ್ಟ ಹಾಗೆ ಅವನು ಪೊಟ್ಟಣ ಕಟ್ಟಿದ.

ಎರಡು ಭಾನುವಾರ ಮನೆಗಳನ್ನು ಸುತ್ತಿದರು. ನಿವೃತ್ತ ಸ್ಟೆನೋಗ್ರಾಫರ್ ಒಬ್ಬರು ಬಾಗಿಲಲ್ಲೇ ನಿಲ್ಲಿಸಿ, ಪೊಟ್ಟಣ ಕಿತ್ತುಕೊಂಡು, “ಪೊಲೀಸರಿಗೆ ಕೊಡ್ಬೇಕು ನಿಮ್ಮಂಥವರನ್ನ” ಎಂದು ಗದರಿದರು. “ಕೊಡಿ” ಎಂದು ಅವನು ತಗ್ಗಿದ ದನಿಯಲ್ಲಿ ಅಂದದ್ದು ಅವರ ಕಿವಿಗೆ ಬಿದ್ದಿತೋ ಇಲ್ಲವೋ, ಬಾಗಿಲು ಮುಚ್ಚಿತು. ಇನ್ನೊಂದು ಮನೆಯಲ್ಲಿ ಯಜಮಾನರು ತೀರಿಕೊಂಡಿದ್ದರು. ಮಗಳು ಪೊಟ್ಟಣ ಬಿಚ್ಚಿ, “ಅಪ್ಪ ನಕ್ಕಾಗ ಬಲಗಡೆ ಹೊಳೀತಿತ್ತು” ಎಂದು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವಳನ್ನು ಬಿಟ್ಟು ಹೊರಡಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಅಂಗವಸ್ತ್ರ ಹೊದ್ದ ಮುದುಕರೊಬ್ಬರು ಪೊಟ್ಟಣ ಜೇಬಿಗಿಳಿಸಿ ಕಾಫಿ ಕೊಟ್ಟರು.

ಬಸ್ ಚಾಲಕನೊಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕ. “ನನ್ನ ಹಲ್ಲಲ್ಲಿ ಉಂಗುರ ಮಾಡಿಸ್ಕೊಂಡ್ರಾ ತಾಯಿ! ಬಾಯಲ್ಲಿದ್ದಷ್ಟು ದಿನ ಜೀವ ತಿಂತು. ನಿಮ್ಮ ಕೈಯಲ್ಲಾದ್ರೂ ತೆಪ್ಪಗಿರ್ಲಿ, ಇಟ್ಕೊಳ್ಳಿ.”

ಬೇಕರಿ ನಡೆಸುವ ಹೆಂಗಸು ನಗಲಿಲ್ಲ. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ವಾಪಸ್ ಕೊಡೋಕೆ ಬಂದದ್ದು ನೀನಾಗೇನಾ, ಇವಳು ಕರ್ಕೊಂಡು ಬಂದಳಾ?” ಎಂದಳು.

“ಇವಳೇ.”

“ಹಾಗಾದ್ರೆ ಇವಳಿಗೆ ಕೊಡ್ತೀನಿ, ನಿನಗಲ್ಲ,” ಎಂದು ಪೊಟ್ಟಣವನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

ಉಳಿದ ಇಬ್ಬರು ಸಿಗಲಿಲ್ಲ. ಒಬ್ಬರು ಊರು ಬಿಟ್ಟಿದ್ದರು, ಏಳನೆಯ ಚೀಟಿಯ ಕ್ಲಿನಿಕ್ ಎಂದೋ ಮುಚ್ಚಿತ್ತು. ಅವರ ಪಾಲು ಹೆಸರಿನ ಸಮೇತ ದಂತವೈದ್ಯೆಯ ಬೀರುವಿನಲ್ಲಿ ಉಳಿಯಿತು.

ಸುದ್ದಿ ಲ್ಯಾಬಿನ ಯಜಮಾನನಿಗೆ ಮುಟ್ಟದೆ ಇರುತ್ತದೆಯೇ? ಹಳೇ ಕ್ಯಾಪ್ ವಾಪಸ್ ಬರದಿದ್ದರೆ ಇನ್ನು ಕೆಲಸ ಕಳಿಸುವುದಿಲ್ಲವೆಂದು ದಂತವೈದ್ಯೆ ಪತ್ರ ಬರೆದಿದ್ದರು, ಪರಿಚಯದ ಇನ್ನು ಮೂವರು ವೈದ್ಯರಿಂದಲೂ ಬರೆಸಿದ್ದರು. ಅದೇ ವಾರ ಅವನ ಕೆಲಸ ಹೋಯಿತು. ಅವಳು ತಾನು ಒಂದು ಉಂಗುರ ಕೆದಕಲು ಹೋಗಿ ಅವನ ಅನ್ನಕ್ಕೆ ಕಲ್ಲು ಹಾಕಿದೆನೇ ಎಂದು ಅತ್ತಳು. ಅವನಿಗೂ ಸಿಟ್ಟು ಬಂದಿತ್ತು. ಹತ್ತು ದಿನ ಅವಳ ಫೋನ್ ಎತ್ತಲಿಲ್ಲ. ಹನ್ನೊಂದನೇ ದಿನ ತಾನೇ ಬಂದು, ದಂತವೈದ್ಯೆ ತಮ್ಮ ಕ್ಲಿನಿಕ್‌ನ ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದಾರೆ, ಅಲ್ಲೇ ಮೇಜು ಹಾಕಿಕೊಳ್ಳುತ್ತೇನೆ ಎಂದು ಹೇಳಿದ. ಸಿಟ್ಟು ಪೂರ್ತಿ ಇಳಿದಿಲ್ಲವೆಂದೂ ಹೇಳಿದ.

ಬಸ್ ಚಾಲಕನ ಚಿನ್ನ ಮತ್ತು ಬೇಕರಿಯವಳ ಚಿನ್ನ ಸೇರಿಸಿ ಅವನು ಹೊಸ ಉಂಗುರ ಮಾಡಿದ. ತಂತಿಯಷ್ಟು ತೆಳ್ಳಗೆ ಬಂತು. ಅಕ್ಕನ ಮನೆಯ ನಡುಮನೆಯಲ್ಲಿ, ಹತ್ತು ಜನರ ಎದುರು ನಿಶ್ಚಿತಾರ್ಥವಾಯಿತು. ಭಾವ ಕನ್ನಡಕ ಏರಿಸಿ ಬೆರಳು ನೋಡಿ, “ಉಂಗುರ ಎಲ್ಲಿದೆಯಮ್ಮ?” ಎಂದು ಕೇಳಿ ಅಕ್ಕನಿಂದ ಬೈಸಿಕೊಂಡರು.

ಎಲ್ಲರೂ ಹೋದ ಮೇಲೆ ಇಬ್ಬರೂ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದರು. ಅವಳು ತೊಳೆದು ಕೊಡುತ್ತಿದ್ದಳು, ಅವನು ಒರೆಸುತ್ತಿದ್ದ.

“ಒಂದು ಕೇಳ್ಲಾ?” ಎಂದಳು. “ನಾನು ಕೇಳದೇ ಇದ್ದಿದ್ರೆ, ಯಾವತ್ತಾದ್ರೂ ನೀನಾಗೇ ಹೇಳ್ತಿದ್ದೆಯಾ?”

ಅವನು ಒಂದೇ ಲೋಟವನ್ನು ಬಹಳ ಹೊತ್ತು ಒರೆಸಿದ.

“ಇಲ್ಲ ಅನ್ಸುತ್ತೆ,” ಎಂದ.

ಹೇಳುತ್ತಿದ್ದೆ ಎಂದು ಅವನು ಸುಲಭವಾಗಿ ಅನ್ನಬಹುದಿತ್ತು. ಆಗ ಅವಳು ಅವನ ಎಡಗೈ ನೋಡುತ್ತಿದ್ದಳು, ಕಣ್ಣು ನೋಡುತ್ತಿದ್ದಳು, ಇನ್ನೊಂದು ಪ್ರಶ್ನೆ ಹಾಕುತ್ತಿದ್ದಳು. ಈಗ ನೋಡಬೇಕು ಅನಿಸಲಿಲ್ಲ. ನೋವಾಗಿತ್ತು, ಅಷ್ಟೇ. ಮುಂದಿನ ಲೋಟ ತೊಳೆದು ಅವನ ಕೈಗೆ ಕೊಟ್ಟಳು.