ಚಪ್ಪಟೆ ಕೇಬಲ್ಲಿನ ತುಂಡು

ರೇಡಿಯೋ ಸೆಟ್ಟಿನ ಮೀಟರಿನ ಮುಳ್ಳು ಕೆಂಪು ಗೆರೆ ದಾಟಿ ಅಲ್ಲೇ ನಿಂತಿತು. ಮಾವ ಮೈಕಿನ ಗುಂಡಿ ಬಿಟ್ಟು ಮತ್ತೆ ಒತ್ತಿದರು.

"ಒತ್ತಬೇಡಿ ಮಾವ, ಸೆಟ್ಟು ಸುಟ್ಟುಹೋಗುತ್ತೆ."

ನನ್ನ ಗಂಡ ಹೋದ ಮೇಲೆ ನಾನು ಈ ಕೋಣೆಗೆ ಕಾಲಿಟ್ಟಿರಲಿಲ್ಲ. ಇವತ್ತು ಅವನ ಹವ್ಯಾಸಿ ರೇಡಿಯೋ ಗೆಳೆಯರೆಲ್ಲ ಒಂದೇ ತರಂಗದಲ್ಲಿ ಸೇರಿ ಅವನನ್ನು ನೆನೆಯುವವರಿದ್ದರು. ಮನೆಯಲ್ಲಿ ಮಗನ ಬಗ್ಗೆ ಬಾಯಿಯೇ ಬಿಡದ ಮಾವ, ಅಲ್ಲಿ ಮಾತಾಡುತ್ತೇನೆಂದು ಒಪ್ಪಿಕೊಂಡಿದ್ದರು.

"ಆಂಟೆನಾ ಸರಿಯಾಗೇ ಇದೆಯಲ್ಲ. ಮಹಡಿ ಹತ್ತಿ ನೋಡ್ಕೊಂಡು ಬಂದೆ. ಎರಡು ಕಡೆ ತಂತಿ, ಮಧ್ಯ ಕೇಬಲ್ಲು," ಎಂದರು ಮಾವ.

ಕಿಟಕಿಯ ಪಕ್ಕದ ಎರಡು ಗೂಟಗಳು ಬರಿದಾಗಿದ್ದವು.

"ಇಲ್ಲಿ ನೇತಾಡ್ತಿದ್ದ ಕೇಬಲ್ ಎಲ್ಲಿ?"

"ಅದಾ? ಹೆಚ್ಚಾಗಿತ್ತು, ಕತ್ತರಿಸಿಬಿಟ್ಟೆ. ಅವನ ಸೋಮಾರಿತನ ನಿಂಗೇ ಗೊತ್ತಲ್ಲ."

ಸೋಮಾರಿತನವಲ್ಲ. ಆ ಚಪ್ಪಟೆ ಕೇಬಲ್ಲಿನ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಆಂಟೆನಾಕ್ಕೆ ಹೊಂದುವುದೇ ಇಲ್ಲ. ಆದರೆ ಕೇಬಲ್ಲಿನ ಉದ್ದ ಸರಿಯಾಗಿ ಅರ್ಧ ಅಲೆಯಷ್ಟಿದ್ದರೆ, ಆ ತುದಿಯ ಆಂಟೆನಾ ಹೇಗಿದೆಯೋ ಹಾಗೇ ಈ ತುದಿಯ ಸೆಟ್ಟಿಗೂ ಕಾಣುತ್ತದೆ. ಗಿಡ್ಡವಾದರೆ ಕೆಟ್ಟಿತು, ಕಳಿಸಿದ ಶಕ್ತಿಯ ಬಹುಪಾಲು ವಾಪಸು ಬಂದು ಮುಳ್ಳು ಕೆಂಪು ಗೆರೆ ದಾಟುತ್ತದೆ. ಮದುವೆಯಾದ ಹೊಸತರಲ್ಲಿ ಆ ಲೆಕ್ಕ ಹಾಕಿಕೊಟ್ಟವಳು ನಾನೇ.

"ಆ ತುಂಡು ಬೇಕು ಮಾವ. ಅಂಥದ್ದು ಈಗ ಅಂಗಡೀಲಿ ಸಿಗಲ್ಲ."

ಮಾವ ಒಳಕೋಣೆಯ ಕಡೆ ನೋಡಿದರು.

ಅತ್ತೆ ಆ ತುಂಡಿನಿಂದಲೇ ಅವನ ಬಟ್ಟೆಯ ಗಂಟು ಕಟ್ಟಿದ್ದರು. ಯಾರಿಗೂ ಕೊಡದೆ, ಯಾರನ್ನೂ ಮುಟ್ಟಗೊಡದೆ ಮಂಚದ ಕೆಳಗೆ ಇಟ್ಟುಕೊಂಡಿದ್ದರು.

"ಅತ್ತೆ, ಈ ಕೇಬಲ್ ಬಿಚ್ಕೊಳ್ಳಲಾ?"

"ಲೋಕದಲ್ಲಿ ಬೇರೆ ದಾರ ಇಲ್ವೇನೇ?"

"ಇದೇ ಬೇಕು. ಮಾವ ಮಾತಾಡ್ಬೇಕಂತೆ."

"ಹೆಂಡ್ತಿ ಹತ್ರ ಒಂದು ಮಾತಾಡದ ಮನುಷ್ಯ ಆಕಾಶದ ಹತ್ರ ಮಾತಾಡ್ತಾರಂತೆ," ಎಂದರು. ಆದರೂ ಗಂಟನ್ನು ಎಳೆದು ನನ್ನ ಮುಂದಿಟ್ಟರು.

ಬಿಗಿಯಾಗಿತ್ತು, ಹಲ್ಲಿನಿಂದ ಸಡಿಲಿಸಬೇಕಾಯಿತು. ನೀಲಿ ಅಂಗಿಯೊಂದು ಜಾರಿ ನೆಲಕ್ಕೆ ಬಿತ್ತು. ನಾನು ಎತ್ತಲಿಲ್ಲ.

ತುಂಡಿನ ಎರಡೂ ಎಳೆಗಳನ್ನು ಕೇಬಲ್ಲಿನ ಎಳೆಗಳಿಗೆ ಬೆಸೆದು, ಗೂಟಗಳಿಗೆ ಹಿಂದಿನಂತೆಯೇ ನೇತುಹಾಕಿದೆ. ಮಾವ ಗುಂಡಿ ಒತ್ತಿ "ಹಲೋ" ಎಂದರು. ಮುಳ್ಳು ಕೆಳಗೇ ಉಳಿಯಿತು. ಗುಂಡಿ ಬಿಟ್ಟರು.

"ಹೇಳಿ ಅಪ್ಪಾಜಿ, ಚೆನ್ನಾಗಿ ಕೇಳಿಸ್ತಿದೆ," ಎಂದ ಆ ಕಡೆಯಿಂದ ನನ್ನ ಗಂಡನ ಗೆಳೆಯ. "ಎಲ್ಲರೂ ಕಾಯ್ತಿದ್ದೀವಿ."

ಮಾವ ಬಾಯಿ ತೆರೆದರು. ಮೈಕನ್ನು ನನ್ನ ಕೈಗಿಟ್ಟರು.

ಗುಂಡಿ ಒತ್ತಿದೆ. ಬೆರಳು ಹಾಗೇ ಒತ್ತಿಕೊಂಡಿತ್ತು.

ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು, ಎದೆಗವಚಿಕೊಂಡಷ್ಟೂ ತೋಳಿಂದ ಜಾರುತ್ತಿದ್ದ ಬಟ್ಟೆಗಳೊಂದಿಗೆ.

"ಇವನ್ನೆಲ್ಲ ಇನ್ನು ಯಾತರಲ್ಲಿ ಕಟ್ಟಿಡಲೇ?"

ಆ ಮಾತು ಕಾಯುತ್ತಿದ್ದ ಗೆಳೆಯರೆಲ್ಲರಿಗೂ ಹೋಯಿತು. ಬೆರಳು ತೆಗೆದೆ.